ಮಣ್ಣು ಮೆತ್ತಿದ ಹಳೆಯ ತಾಮ್ರದ ನಾಣ್ಯಗಳನ್ನು ಹುಣಸೆಹಣ್ಣಿನಿಂದ ಬೆಳಗಬಹುದೇ?

ಅಜ್ಜನ ಮನೆಯ ಅಟ್ಟದಲ್ಲಿದ್ದ ಗಡಿಗೆಯಲ್ಲಿ ಮಣ್ಣು ಮೆತ್ತಿದ ತಾಮ್ರದ ನಾಣ್ಯಗಳು ಸಿಕ್ಕಿವೆ, ಒಂದೆರಡರ ಮೇಲೆ ಆನೆಯ ಆಕಾರ ಕಾಣುತ್ತಿದೆ, ಅವುಗಳನ್ನು ಹುಣಸೆಹಣ್ಣಿನಿಂದ ಬೆಳಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೆಳಗಬೇಡಿ. ಹುಣಸೆ, ನಿಂಬೆ, ವಿನಿಗರ್, ಪಾತ್ರೆ ಬೆಳಗುವ ಪುಡಿ, ತಂತಿಯ ಬ್ರಷ್ ಇವೆಲ್ಲವನ್ನೂ ದೂರವಿಡಿ.

ಹುಣಸೆಯ ಆಮ್ಲ ತಾಮ್ರದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುವುದರಿಂದಲೇ ಪೂಜೆಯ ತಂಬಿಗೆ ಹೊಳೆಯುತ್ತದೆ. ಆದರೆ ದೀರ್ಘಕಾಲ ಮಣ್ಣಿನಲ್ಲಿದ್ದ ನಾಣ್ಯದಲ್ಲಿ ಮೇಲ್ಮೈಯ ಲೋಹವೇ ನಿಧಾನವಾಗಿ ಕೆಂಗಂದು ಅಥವಾ ಹಸಿರು ಪದರವಾಗಿ ಮಾರ್ಪಟ್ಟಿರುತ್ತದೆ, ಮತ್ತು ಅಕ್ಷರಗಳ ಸೂಕ್ಷ್ಮ ಅಂಚುಗಳು ಬಹುಮಟ್ಟಿಗೆ ಉಳಿದಿರುವುದು ಆ ಪದರದಲ್ಲಿಯೇ. ಅದನ್ನು ಕರಗಿಸಿದರೆ ಕೈಗೆ ಉಳಿಯುವುದು ಗುಳಿ ಬಿದ್ದ ಗುಲಾಬಿ ಬಣ್ಣದ ಬಿಲ್ಲೆ ಮಾತ್ರ. ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆಯೂ ಕುಸಿಯುತ್ತದೆ.

ನಿಮ್ಮ ಆನೆಯ ನಾಣ್ಯಗಳು ಟಿಪ್ಪು ಸುಲ್ತಾನನ ಕಾಲದವು (1782–1799) ಆಗಿರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವೂ ಆಗಿರಬಹುದು. ಒಡೆಯರ ಕಾಸುಗಳಲ್ಲಿ ಕನ್ನಡದ ಬರಹ ಸಿಗುತ್ತದೆ. ಟಿಪ್ಪುವಿನ ಪೈಸೆಯ ಇನ್ನೊಂದು ಮುಖದಲ್ಲಿ ಟಂಕಸಾಲೆಯ ಹೆಸರು ಪಾರಸಿ ಲಿಪಿಯಲ್ಲಿರುತ್ತದೆ: ‘ಪಟನ್’ ಎಂದಿದ್ದರೆ ಶ್ರೀರಂಗಪಟ್ಟಣ, ‘ನಗರ್’ ಎಂದಿದ್ದರೆ ಬಿದನೂರು, ‘ಫರ್ರುಖ್‌ಯಾಬ್ ಹಿಸಾರ್’ ಎಂದಿದ್ದರೆ ಚಿತ್ರದುರ್ಗ. 1787ರಿಂದ ಅವನು ಮೌಲೂದಿ ಶಕೆಯನ್ನು (ಪ್ರವಾದಿ ಮುಹಮ್ಮದರ ಜನನದಿಂದ ಎಣಿಸುವ ವರ್ಷಗಣನೆ) ಬಳಕೆಗೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನಾದ್ದರಿಂದ ಆ ಶಕೆಯ 1224 ಎಂಬ ವರ್ಷ ನಮ್ಮ ಕಣ್ಣಿಗೆ 4221 ಎಂದು ಕಾಣುತ್ತದೆ. ತೆಳುವಾದ ಈ ಅಂಕಿಗಳು ಆನೆಯ ಆಕೃತಿಯಷ್ಟು ಉಬ್ಬಿಲ್ಲದ ಕಾರಣ ಒರಟು ಉಜ್ಜುವಿಕೆಗೆ ಮೊದಲು ಬಲಿಯಾಗುವುದೂ ಅವೇ.

ಹಾಗಾದರೆ ಮಾಡಬೇಕಾದುದೇನು? ಮೊದಲು ಪ್ರತಿ ನಾಣ್ಯದ ಎರಡೂ ಮುಖಗಳ ಫೋಟೊ ತೆಗೆದಿಟ್ಟುಕೊಳ್ಳಿ. ಬಳಿಕ ಗಾಜಿನ ಬಟ್ಟಲಿನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ, ನಾಣ್ಯಗಳನ್ನು ಒಂದಕ್ಕೊಂದು ತಾಗದಂತೆ ಮುಳುಗಿಸಿ, ನೀರು ಬಗ್ಗಡವಾದಾಗಲೆಲ್ಲ ಬದಲಿಸುತ್ತಾ ಇರಿ. ನಲ್ಲಿ ಅಥವಾ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುವುದರಿಂದ ಅದು ಬೇಡ. ಕೆಲವು ನಾಣ್ಯಗಳ ಮಣ್ಣು ಮರುದಿನವೇ ಬಿಡುತ್ತದೆ, ಕೆಲವಕ್ಕೆ ವಾರಗಳೇ ಬೇಕಾಗುತ್ತವೆ, ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಮೆತ್ತಗಾದ ಮಣ್ಣನ್ನು ಭೂತಗನ್ನಡಿಯ ಕೆಳಗೆ, ಒದ್ದೆಯಾಗಿರುವಾಗಲೇ, ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಅಕ್ಷರದ ಗೆರೆಯ ಗುಂಟ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿ. ಮಣ್ಣು ಪುಡಿಪುಡಿಯಾಗಿ ಏಳುತ್ತದೆ. ಕಡ್ಡಿಗೆ ನಯವಾಗಿ, ಗಟ್ಟಿಯಾಗಿ ತಾಗುವ ಮೇಲ್ಮೈ ಬಂದ ಕೂಡಲೇ ಅಲ್ಲಿ ಕೈ ನಿಲ್ಲಿಸಬೇಕು. ಆನೆಯ ಬೆನ್ನಿನ ಮೇಲಿದ್ದ ಮಣ್ಣಿನ ಹೆಂಟೆ ಕಳಚಿ, ಅದರಡಿಯಿಂದ ಒಂದು ಅಂಕಿಯ ಬಾಲ ಮಾತ್ರ ಕಾಣಿಸಿಕೊಳ್ಳುವ ಆ ಕ್ಷಣಕ್ಕಾಗಿಯೇ ನಾನು ಈ ಹವ್ಯಾಸವನ್ನು ಇಷ್ಟಪಡುತ್ತೇನೆ. ಕೆಲಸ ಮುಗಿದ ಮೇಲೆ ಕಿಟಕಿಗಳನ್ನು ತೆರೆದಿಟ್ಟು, ಒಲೆಯಿಂದ ದೂರದಲ್ಲಿ, ಅಸಿಟೋನ್ ಎಂಬ, ಬೇಗ ಆವಿಯಾಗುವ ದ್ರಾವಕದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಸಂದುಗಳ ತೇವ ಹೋಗುತ್ತದೆ.

ಎಲ್ಲ ಕಿಲುಬೂ ಒಂದೇ ಬಗೆಯದಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಗಟ್ಟಿಯಾದ, ಸಮನಾದ ಹಸಿರು ನಾಣ್ಯವನ್ನು ಕಾಪಾಡುತ್ತದೆ. ಅಲ್ಲಲ್ಲಿ ಚುಕ್ಕೆಯಂತೆ ಎದ್ದು, ಕಡ್ಡಿ ತಾಗಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ, ಒಳಗಿನ ತಾಮ್ರದ ಕ್ಲೋರೈಡ್ ಗಾಳಿಯ ತೇವ ಮತ್ತು ಆಮ್ಲಜನಕದೊಂದಿಗೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತಿದೆ, ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿನ್ನುತ್ತಿದೆ ಎಂದರ್ಥ. ಅಂಥ ನಾಣ್ಯವನ್ನು ಕೂಡಲೇ ಬೇರ್ಪಡಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಉಳಿದವುಗಳನ್ನು ಪಿವಿಸಿ ಕವರ್‌ಗಳಲ್ಲಿ ಇಡಬೇಡಿ, ಏಕೆಂದರೆ ಅವು ಕಾಲಕ್ರಮೇಣ ಬಿಡುವ ಆಮ್ಲವೂ ತಾಮ್ರಕ್ಕೆ ಶತ್ರು.

ಕೊನೆಯದಾಗಿ ಕಾನೂನಿನ ವಿಷಯ. ಮನೆಯಲ್ಲಿ ತಲೆಮಾರಿನಿಂದ ಬಂದ ನಾಣ್ಯಗಳ ಮಾತು ಬೇರೆ. ನೆಲ ಅಗೆಯುವಾಗ ಸಿಕ್ಕಿದ್ದಾದರೆ ನಿಧಿಯ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕಾಗುತ್ತದೆ, ಅಲ್ಲಿಯವರೆಗೆ ತೊಳೆಯಲೂ ಬಾರದು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ, ಹೊರದೇಶದಲ್ಲಿರುವ ಬಂಧುಗಳಿಗೆ ಉಡುಗೊರೆಯಾಗಿ ಕೂಡ.