ಕಡು ಬಡವರಿಗೆ ಚೂರುಪಾರು ಸಹಾಯ ಮಾಡಿದ್ರೂ ಯಾಕೆ ಮೇಲೆ ಬರಲ್ಲ?

ಸೋಮಾರಿತನ ಅಲ್ಲ, ಸಹಾಯ ಸಾಲಲ್ಲ ಅಷ್ಟೇ. ಒಂದು ಮಟ್ಟದ ಆಸ್ತಿ ಕೈಗೆ ಬರೋವರೆಗೂ ಎಷ್ಟು ದುಡಿದ್ರೂ ವಾಪಸ್ ಕೆಳಗೇ ಜಾರ್ತಾರೆ, ಇದನ್ನೇ ಬಡತನದ ಬಲೆ ಅನ್ನೋದು.

ಉತ್ತರ ಬಾಂಗ್ಲಾದೇಶ ತಗೊಳ್ಳಿ. ಅಲ್ಲಿ ಜಮೀನಿಲ್ಲದ ಹೆಂಗಸರಿಗೆ ಸಿಗೋದು ಗದ್ದೆ ಕೂಲಿ ಇಲ್ಲಾ ಮನೆಗೆಲಸ, ಭತ್ತದ ನಾಟಿ ಮುಗಿದು ಕೊಯ್ಲು ಬರೋವರೆಗೆ ಕೂಲಿನೂ ಇರಲ್ಲ, ರಂಗಪುರ ಕಡೆ ಆ ಹಸಿವಿನ ತಿಂಗಳುಗಳಿಗೆ ಮೊಂಗಾ ಅಂತ ಹೆಸರೇ ಇದೆ. ಆಗ ಮನೇಲಿ ಎರಡು ಕೋಳಿ ಇದ್ರೆ ಮಾರಿ ಅಕ್ಕಿ ತರ್ತಾರೆ, ಮುಂದಿನ ವರ್ಷ ಮತ್ತೆ ಸೊನ್ನೆಯಿಂದ. ಹಸು ಇದ್ರೆ ಕತೆ ಬೇರೆ, ವರ್ಷವಿಡೀ ಕೆಲಸ, ಹಾಲು, ಕರು. ಆದ್ರೆ ಅರ್ಧ ಹಸು ಕೊಳ್ಳೋಕಾಗಲ್ವಲ್ಲ!

ಬ್ರಾಕ್ ಅನ್ನೋ ಅಲ್ಲಿನ ಸಂಸ್ಥೆ 2002ರಲ್ಲಿ ಶುರು ಮಾಡಿದ್ದು ಇದನ್ನೇ. ಸಾಲ ಅಲ್ಲ, ಹಸುನೇ ಫ್ರೀ, ಜೊತೆಗೆ ಸಾಕೋ ಟ್ರೈನಿಂಗು, ಮೊದಮೊದಲು ಊಟದ ಖರ್ಚಿಗೆ ಒಂದಿಷ್ಟು ದುಡ್ಡು (ಇಲ್ಲಾಂದ್ರೆ ಹಸುನೇ ಮಾರ್ಬಿಡ್ತಾರೆ), ಎರಡು ವರ್ಷ ಮನೆಗೆ ಬಂದು ವಿಚಾರಿಸ್ಕೊಳ್ಳೋದು. ಆಮೇಲೆ ಸಂಶೋಧಕರು ಲೆಕ್ಕ ಹಾಕಿ ನೋಡಿದ್ರೆ, ಹಸು ಸಿಕ್ಕಿ ಆ ಮಟ್ಟ ದಾಟಿದವ್ರು ಬೆಳೀತಾ ಹೋಗಿದ್ರು, ಹಸು ಸಿಕ್ಕೂ ಅಲ್ಲೀತನಕ ಮುಟ್ಟದವ್ರು ಮತ್ತೆ ಜಾರಿದ್ರು.

ಎಲ್ಲಾ ಕಡೆ ಇದೇ ಮ್ಯಾಜಿಕ್ ಅಂತೇನಿಲ್ಲ. ಇನ್ನೂ ಆರು ದೇಶಗಳಲ್ಲಿ ಟ್ರೈ ಮಾಡಿದ್ದರ ಫಲಿತಾಂಶ 2015ರಲ್ಲಿ ಬಂತು, ಹೊಂಡುರಾಸ್‌ನಲ್ಲಿ ಕೊಟ್ಟಿದ್ದ ಕೋಳಿಗಳು ಬಹಳಷ್ಟು ರೋಗ ಬಂದು ಸತ್ತೋದ್ವು, ಅಲ್ಲಿ ಲಾಭ ಅಷ್ಟಕ್ಕಷ್ಟೇ.