ಮಡಿಕೇರಿ ಚಳಿಗೆ ಹೂವಿನ ಗ್ರಾನಿ ಸ್ಕ್ವೇರ್ ಹೊದಿಕೆ: ಯಾವ ದಾರ, ಎಷ್ಟು ಚೌಕ, ಹೇಗೆ ಶುರು ಮಾಡಲಿ?

ಗ್ರಾನಿ ಸ್ಕ್ವೇರ್ ಅಂದರೆ ನಡುವಿನಿಂದ ಸುತ್ತು ಸುತ್ತಾಗಿ ಕ್ರೋಶಾ ಹೆಣೆದ ಚೌಕ; ಅಂಥವನ್ನು ಜೋಡಿಸಿದರೆ ಹೊದಿಕೆ. ನಮ್ಮ ಕೊಡಗಿನ ಮಳೆಗಾಲಕ್ಕೆ ಅಕ್ರಿಲಿಕ್ ಉಲ್ಲನ್ನೇ ತಗೊಳ್ಳಿ. ಬೇಗ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ. ಮಧ್ಯಮ ದಪ್ಪದ ದಾರ, 4 ಮಿ.ಮೀ. ಕ್ರೋಶಾ ಕಡ್ಡಿ ಸಾಕು.

ಹೂವೇ ಮುಖ್ಯ, ಅಲ್ವಾ? 5 ಚೈನ್ (ಸರಪಳಿ ಕುಣಿಕೆ) ಹಾಕಿ ಉಂಗುರ ಮಾಡಿ. ಅದರೊಳಗೆ ಹಳದಿಯಲ್ಲಿ 16 ಡಬಲ್ ಕ್ರೋಶಾ, ಅಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿ ಹಾಕುವ ಉದ್ದನೆಯ ಕಂಬ. (ಬ್ರಿಟಿಷ್ ಪುಸ್ತಕಗಳಲ್ಲಿ ಇದನ್ನೇ ಟ್ರೆಬಲ್ ಅನ್ನುತ್ತಾರೆ, ಗಮನವಿರಲಿ.) ಎರಡನೇ ಸುತ್ತು ಬಿಳಿ: ಎರಡೆರಡು ಕಂಬಗಳನ್ನು ಸೇರಿಸಿ ಒಂದು ಎಸಳು, ನಡುವೆ 3 ಚೈನ್. 8 ಎಸಳು ಬರುತ್ತವೆ. ನನಗಂತೂ ಇದು ಕಾಫಿ ಹೂವಿನ ಬಿಳುಪನ್ನೇ ನೆನಪಿಸುತ್ತದೆ. ಮೂರನೇ ಸುತ್ತು ಹಸಿರು. ಎಸಳುಗಳ ನಡುವಿನ ಒಂದು ಸಂದಿಗೆ 3 ಕಂಬ, 2 ಚೈನ್, 3 ಕಂಬ, ಅದು ಮೂಲೆ. ಪಕ್ಕದ ಸಂದಿಗೆ ಬರೀ 3 ಕಂಬ. ಹೀಗೆ ಒಂದು ಬಿಟ್ಟು ಒಂದು ಹಾಕಿದರೆ ದುಂಡು ಹೂವು ತಾನಾಗಿ ಚೌಕವಾಗುತ್ತದೆ. ನೋಡಲು ಅದೇ ಒಂದು ಖುಷಿ!

ಕೊನೆಯ ಸುತ್ತು ಎಲ್ಲ ಚೌಕಕ್ಕೂ ಒಂದೇ ಬಣ್ಣ ಇರಲಿ, ಜೋಡಣೆ ಕಾಣುವುದಿಲ್ಲ. ನನ್ನ ಕೈಗೆ ಚೌಕ 12 ಸೆಂ.ಮೀ. ಬರುತ್ತದೆ. ಅಡ್ಡಕ್ಕೆ 9, ಉದ್ದಕ್ಕೆ 11, ಒಟ್ಟು 99 ಚೌಕ ಸೇರಿದರೆ 108 × 132 ಸೆಂ.ಮೀ. ಸೋಫಾ ಮೇಲೆ ಕೂತು ಕಾಲಿಗೆ ಹೊದೆಯಲು ಧಾರಾಳ.

ದಾರದ ತುದಿಗಳನ್ನು ಆಗಾಗಲೇ ಸೂಜಿಯಿಂದ ಒಳಗೆ ಸೇರಿಸಿಬಿಡಿ. ಸುಮ್ನೆ ಗಂಟು ಹಾಕಿ ಕತ್ತರಿಸಿದರೆ ಒಗೆದಾಗ ಬಿಚ್ಚಿಕೊಳ್ಳುತ್ತದೆ. ನನ್ನ ಮೊದಲ ಹೊದಿಕೆಯಲ್ಲಿ ಮೂರು ಹೂವು ಹೀಗೇ ಹೋದವು.