ಮೇಲಿನ ಮನೆಯ ನೀರು, ಕೆಳಗಿನ ಮನೆಯ ಕಲೆ

ಪ್ರಶ್ನೆ: ನಮ್ಮ ಬಾತ್‌ರೂಮ್ ಸೀಲಿಂಗ್‌ನಲ್ಲಿ ಅಂಗೈ ಅಗಲದ ಹಳದಿ ಕಲೆ ಬಂದಿದೆ, ಪೇಂಟ್ ಉಬ್ಬಿ ಉದುರುತ್ತಿದೆ. ಮೇಲಿನ ಮನೆಯವರು ‘ನಮ್ಮಲ್ಲಿ ಏನೂ ಸೋರುತ್ತಿಲ್ಲ’ ಅಂತಾರೆ. ಏನು ಮಾಡಲಿ?

ಉತ್ತರ: ಅವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ, ಮೇಲೆ ನಿಂತವರಿಗೆ ಟೈಲ್ಸ್ ಒಣಗಿಯೇ ಕಾಣುತ್ತದೆ. ಮೊದಲು ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ತಾರೀಕು ಬರೆದು, ಫೋಟೊ ತೆಗೆದಿಡಿ. ಹಗಲು ರಾತ್ರಿ ಒಂದೇ ಸಮನೆ ಒದ್ದೆಯಿದ್ದರೆ ನೀರು ಬರುವ ಪೈಪಿನ ಮೇಲೆ ಅನುಮಾನ, ಅವರು ಸ್ನಾನ ಮಾಡಿದ ಮೇಲೆ ಮಾತ್ರ ಜಾಸ್ತಿಯಾದರೆ ನೀರು ಹೋಗುವ ಜಾಲರಿಯ ಸುತ್ತಲೋ ಟೈಲ್ಸ್ ಸಂದಿಯಲ್ಲೋ ಬಿರುಕಿರಬಹುದು. ಅವರನ್ನು ಒಪ್ಪಿಸಿ, ಜಾಲರಿ ಮುಚ್ಚಿ, ಬಣ್ಣ ಕಲಸಿದ ನೀರು ಒಂದಿಂಚು 24 ಗಂಟೆ ನಿಲ್ಲಿಸಿ. ಕಲೆ ಗೆರೆ ದಾಟಿದರೆ, ಬಣ್ಣವೂ ಇಳಿದರೆ, ಆಮೇಲೆ ವಾದವೇ ಬೇಡ ಅಲ್ವಾ? ಅಸೋಸಿಯೇಷನ್‌ಗೆ ಬರವಣಿಗೆಯಲ್ಲೇ ತಿಳಿಸಿ. ಪೂರ್ತಿ ಒಣಗುವ ತನಕ ಮಾತ್ರ ಸುಮ್ನೆ ಪೇಂಟ್ ಹೊಡೆಸಬೇಡಿ, ಮತ್ತೆ ಉಬ್ಬುತ್ತದೆ.